ಕತ್ತಲು ಕುಡಿದ ಕಲ್ಲಿನ ಬೆಟ್ಟ

ಸ್ಕಾಟ್ಲೆಂಡಿನ ಏವಿಮೋರ್ ದಾಟಿ ಕೇರ್ನ್‌ಗಾರ್ಮ್ ಬೆಟ್ಟದ ಬುಡದಲ್ಲಿ ಬಸ್ಸಿಳಿದರೆ ಜುಲೈಯಲ್ಲೂ ಗಾಳಿ ಕಿವಿ ಕಚ್ಚುತ್ತದೆ. 1986ರ ಮಾರ್ಚ್‌ನಲ್ಲಿ ಈ ಶಿಖರದ ಮೇಲೆ ಗಾಳಿಯ ವೇಗ ಗಂಟೆಗೆ 278 ಕಿ.ಮೀ. ಮುಟ್ಟಿತ್ತು. 1245 ಮೀಟರ್ ಎತ್ತರದ ಕೇರ್ನ್‌ಗಾರ್ಮ್ ಏರಿ ಬೆನ್ ಮ್ಯಾಕ್‌ಡೂಯಿ ಶಿಖರದತ್ತ ತಿರುಗಿದೆ. ಒಂದು ಮರವಿಲ್ಲ, ನೆರಳಿಲ್ಲ; ಕಣ್ಣು ಹಾಯುವಷ್ಟೂ ನಸುಗೆಂಪು ಗ್ರಾನೈಟ್.

ತುಂತುರು ನಿಂತು ಬಿಸಿಲು ಬಿದ್ದಾಗ ಜಲ್ಲಿಯ ನಡುವೆ ಏನೋ ಮಿನುಗಿತು. ಉಗುರಿನಷ್ಟು ಚೂರು. ಬೆಳಕಿಗೆ ಹಿಡಿದೆ: ಹಾಲು ಬೀಳುವ ಮುಂಚಿನ ಕಾಫಿ ಡಿಕಾಕ್ಷನ್ನಿನ ಬಣ್ಣ! ಬೆಟ್ಟದ ಹೆಸರೇ ಸಾಕೆಂದು, ಈ ಹೊಗೆಬಣ್ಣದ ಸ್ಫಟಿಕವನ್ನೂ ಇಲ್ಲಿ ಕೇರ್ನ್‌ಗಾರ್ಮ್ ಎಂದೇ ಕರೆಯುತ್ತಾರೆ.

40 ಕೋಟಿ ವರ್ಷಗಳಿಗೂ ಹಿಂದೆ ಶಿಲಾರಸ ಆರುವಾಗ ಒಳಗುಳಿದ ಪೊಟರೆಗಳಲ್ಲಿ ಇವು ಬೆಳೆದವು. ಆಗ ಬಣ್ಣವಿರಲಿಲ್ಲ. ಸಿಲಿಕಾನ್ ಕೂರಬೇಕಾದ ಜಾಗದಲ್ಲಿ ಅಲ್ಲಲ್ಲಿ ಅಲ್ಯೂಮಿನಿಯಂ ಕೂತಿತ್ತು, ಅಷ್ಟೇ. ಸುತ್ತಲಿನ ಗ್ರಾನೈಟಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಹೊರಸೂಸುವ ಮಂದ ವಿಕಿರಣ ಯುಗಯುಗಾಂತರ ತಾಗಿ, ಎಲೆಕ್ಟ್ರಾನುಗಳನ್ನು ಜಾಗ ತಪ್ಪಿಸಿತು. ಅಂದಿನಿಂದ ಕಲ್ಲು ಬೆಳಕನ್ನು ನುಂಗಲು ಕಲಿಯಿತು. ಇಷ್ಟು ದೀರ್ಘ ತಪಸ್ಸಿನ ಬಣ್ಣ 300 ಡಿಗ್ರಿ ದಾಟಿದ ಕುಲುಮೆಯಲ್ಲಿ ನೋಡನೋಡುತ್ತಲೇ ತಿಳಿಯಾಗುತ್ತದೆ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಚೂರನ್ನು ಇದ್ದಲ್ಲೇ ಇಟ್ಟೆ.

ಅಷ್ಟರಲ್ಲಿ ಮಂಜು ಕವಿಯಿತು. ಇಲ್ಲೊಬ್ಬ ದೈತ್ಯನಿದ್ದಾನಂತೆ, ಬೂದು ಮನುಷ್ಯ. ಲಂಡನ್ನಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ನಾರ್ಮನ್ ಕಾಲಿ, 1891ರಲ್ಲಿ ಬೆನ್ ಮ್ಯಾಕ್‌ಡೂಯಿಯ ಮಂಜಿನಲ್ಲಿ ಹಿಂದೆ ಹೆಜ್ಜೆಸಪ್ಪಳ ಕೇಳಿ ಓಡಿದ್ದನ್ನು 1925ರಲ್ಲಿ ಸಭೆಯೊಂದರಲ್ಲಿ ಒಪ್ಪಿಕೊಂಡರು. ಮಂಜಿನ ಮೇಲೆ ಬಿದ್ದ ತನ್ನದೇ ನೆರಳು ದೈತ್ಯನಂತೆ ಕಾಣುತ್ತದೆಂದು ತಿಳಿದವರು ವಿವರಿಸುತ್ತಾರೆ. ನೆರಳು ಸರಿ, ಸಪ್ಪಳ? ನಾನಂತೂ ತಿರುಗಿ ನೋಡಲಿಲ್ಲ.

ಬೆಟ್ಟದ ಆಚೆ ಬದಿ ಬ್ರೇಮಾರ್. ಅಲ್ಲಿಯ ಕೋಟೆಯಲ್ಲಿ 52 ಪೌಂಡ್ ತೂಗುವ, ಸುಮಾರು 23.6 ಕೆ.ಜಿ.ಯ ಒಂದೇ ಹರಳಿದೆ. ಅದರ ಮುಂದೆ ಮಾತೇ ಹೊರಡಲಿಲ್ಲ. ವಿಕ್ಟೋರಿಯಾ ರಾಣಿ ಪಕ್ಕದ ಬಾಲ್ಮೊರಲ್‌ನಲ್ಲಿ ನೆಲೆಯೂರಿ ಹೈಲ್ಯಾಂಡ್ ಉಡುಗೆಗೆ ಮರುಳಾದ ಮೇಲೆ ಕಿಲ್ಟ್‌ನ ಪಿನ್ನು, ಕಠಾರಿಯ ಹಿಡಿ, ಹೆಗಲ ಬ್ರೂಚು ಎಲ್ಲಕ್ಕೂ ಈ ಕಲ್ಲೇ ಬೇಕಾಯಿತು. ಜನ ಗುದ್ದಲಿ ಹಿಡಿದು ಬೆಟ್ಟ ಹತ್ತಿದರು.

ಒಡವೆ ಅಂಗಡಿಯಾಕೆ ಮಾತುಗಾರ್ತಿ. ಈ ಕಲ್ಲು ತೊಳೆಯಲು ಉಗುರುಬೆಚ್ಚನೆ ಸೋಪುನೀರು, ಮೆತ್ತನೆ ಬ್ರಶ್ ಸಾಕು. ಹಬೆ, ಬೆಂಕಿ ಬೇಡ. ಬಿಸಿಲಲ್ಲಿ ಬಹುಕಾಲ ಬಿಡಬೇಡಿ ಎಂದಳು. ಧೂಳನ್ನು ಒಣಬಟ್ಟೆಯಿಂದ ಉಜ್ಜಬಾರದಂತೆ. ನಿಜವೇ: ಇದರ ಗಡಸುತನ 7, ಧೂಳಿನಲ್ಲಿರುವ ಮರಳಿನದೂ 7. ‘ಸ್ಮೋಕಿ ಟೋಪಾಜ್’ ಎಂದು ಮಾರುವವರನ್ನು ನಂಬಬೇಡಿ, ಟೋಪಾಜ್ ಬೇರೆಯೇ ಖನಿಜ ಎಂದೂ ಎಚ್ಚರಿಸಿದಳು. ಪಕ್ಕದ ಚೀಟಿಯಲ್ಲಿ ಮಾತ್ರ ಕಲ್ಲು ದುಃಖ ಹೀರುತ್ತದೆಂದು ಬರೆದಿತ್ತು! ಹೀರುವುದು ಬೆಳಕನ್ನು, ಅದೇ ನನಗೆ ಸಾಕಷ್ಟು ಪವಾಡ.

ಬ್ರೂಚೊಂದನ್ನು ತೋರಿಸಿ ಇದು ಈ ಬೆಟ್ಟದ್ದೇ ತಾನೆ ಎಂದೆ. ನಕ್ಕಳು. ರಾಣಿಯ ಕಾಲದಲ್ಲೇ ಬೇಡಿಕೆಗೆ ಬೆಟ್ಟ ಸಾಲದೆ ಬ್ರೆಜಿಲ್‌ನಿಂದ ಕಲ್ಲು ತರಿಸಿ ಕೇರ್ನ್‌ಗಾರ್ಮ್ ಎಂದೇ ಕೂರಿಸುತ್ತಿದ್ದರಂತೆ, ಇದೂ ಬ್ರೆಜಿಲ್‌ನದೇ. ಆದರೂ ಕೊಂಡೆ.