446 ಬೈಟುಗಳ ಸಂಸಾರ

ಹಳೆಯ ಪಿಸಿಯ ಗುಂಡಿ ಒತ್ತಿದ ಮೇಲೆ ಬಯಾಸ್ ಕೊನೆಗೆ ಮಾಡುವುದು ಇಷ್ಟೇ: ಡಿಸ್ಕಿನ ಮೊದಲ ಸೆಕ್ಟರ್ ಓದಿ, ಆ 512 ಬೈಟುಗಳನ್ನು ಮೆಮೊರಿಯಲ್ಲಿ 7ಸಿ00 ಎಂಬ ವಿಳಾಸದಲ್ಲಿಟ್ಟು, ಕೊನೆಯ ಎರಡು ಬೈಟು 55, ಎಎ ಇದ್ದರೆ ಅಲ್ಲಿಗೆ ಜಿಗಿಯುತ್ತದೆ. ಪಾರ್ಟಿಷನ್ ಪಟ್ಟಿಗೆ 64, ಸಹಿಗೆ 2 ಬೈಟು ಹೋದರೆ ಉಳಿಯುವುದು 446. ಕೋಡಿನ ಸಂಸಾರವೆಲ್ಲ ಅಷ್ಟರಲ್ಲೇ.

ಪುಣೆಯ ಭೋಸರಿಯಲ್ಲಿ ಗೋಕಾಕ ಕಡೆಯವರೊಬ್ಬರ ಸಣ್ಣ ವರ್ಕ್‌ಶಾಪ್ ಇದೆ. ಅವರ ಗ್ರೈಂಡಿಂಗ್ ಯಂತ್ರವನ್ನು ನಡೆಸುವುದು ಒಂದು 386. ಯಂತ್ರದ ಕಾರ್ಡು ಐಎಸ್‌ಎ ಸ್ಲಾಟಿನದು, ಹೊಸ ಪಿಸಿಯಲ್ಲಿ ಕೂರುವುದಿಲ್ಲ. ಹಾರ್ಡ್ ಡಿಸ್ಕ್ ಕೈಕೊಟ್ಟಾಗ ದತ್ತಾಂಶವೆಲ್ಲ ಸಿಕ್ಕಿತು, ಮೊದಲ ಸೆಕ್ಟರ್ ಮಾತ್ರ ಸಿಗಲಿಲ್ಲ. ಹೊಸ ಕಂಟ್ರೋಲರ್ ಹಾಕಿಸುವ ಖರ್ಚಿಗಿಂತ ಯಂತ್ರ ಮಾರುವುದೇ ಮೇಲು ಎಂಬ ಲೆಕ್ಕಕ್ಕೆ ಅವರು ಬಂದಿದ್ದರು. ಮಾರಿದರೆ, ವರ್ಷಗಟ್ಟಲೆ ಅದೊಂದನ್ನೇ ನಡೆಸಿದ ಲಾತೂರಿನ ಆಪರೇಟರ್‌ಗೆ ಕೆಲಸವಿಲ್ಲ. "ಸಾಹೇಬ್ರ, ಒಂದ್ ಸಲ ನೋಡ್ರಲ್ಲ" ಅಂದರು.

ಡಿಸ್ಕಿನ ಬದಲು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿ, ಪಾರ್ಟಿಷನ್ ಪಟ್ಟಿ ಮರಳಿ ಬರೆದು, ಇತ್ತೀಚಿನದೊಂದು ಮುಕ್ತ ಬೂಟ್ ಕೋಡ್ ಸೇರಿಸಿದೆ. ಪರದೆ ಕಪ್ಪಗೇ ಉಳಿಯಿತು. ಆ ಕೋಡು ಸೆಕ್ಟರುಗಳನ್ನು ಒಂದೇ ಸಾಲಿನ ಸಂಖ್ಯೆಯಿಂದ, ಅಂದರೆ ಎಲ್‌ಬಿಎ ಲೆಕ್ಕದಲ್ಲಿ ಕೇಳುತ್ತಿತ್ತು. ಈ ಬಯಾಸ್‌ಗೆ ಗೊತ್ತಿದ್ದದ್ದು ಸಿಲಿಂಡರ್, ಹೆಡ್, ಸೆಕ್ಟರ್ ಮಾತ್ರ. ಮನೆ ನಂಬರ್ ಹೇಳಿದರೆ ತಿಳಿಯದ, ಓಣಿ ಹೆಸರು ಕೇಳುವ ಹಳ್ಳಿಯ ಅಂಚೆಯವನ ಹಾಗೆ.

ಎಲ್‌ಬಿಎ ಗೊತ್ತೇ ಎಂದು ಮೊದಲು ವಿಚಾರಿಸಬೇಕು. ಇಲ್ಲವೆಂದರೆ ಡಿಸ್ಕಿನ ಅಳತೆ ಕೇಳಿ, ಭಾಗಾಕಾರ ಮಾಡಿ ಹಳೆಯ ವಿಳಾಸ ಕಟ್ಟಬೇಕು. ಸಿಲಿಂಡರ್, ಹೆಡ್ ಸೊನ್ನೆಯಿಂದ ಶುರು, ಸೆಕ್ಟರ್ ಮಾತ್ರ ಒಂದರಿಂದ. ಸಿಲಿಂಡರಿನ ಹತ್ತು ಬಿಟ್‌ಗಳಲ್ಲಿ ಮೇಲಿನೆರಡು ಸೆಕ್ಟರಿನ ಬೈಟಿನಲ್ಲಿ ಬಾಡಿಗೆಗಿರುತ್ತವೆ. ಇಷ್ಟಕ್ಕೆ ಜಾಗ ಸಾಲಲಿಲ್ಲ. ಉದ್ದನೆಯ ದೋಷ ಸಂದೇಶಗಳನ್ನು ಕಿತ್ತು ಒಂದೊಂದೇ ಅಕ್ಷರ ಉಳಿಸಿದೆ.

ಕಿತ್ತುಹಾಕಬಹುದು ಎನಿಸಿದ ಸಾಲುಗಳು ಇನ್ನೂ ಇದ್ದವು. ಸ್ಟ್ಯಾಕ್ ಹೊಂದಿಸುವ ಮುನ್ನ ಇಂಟರಪ್ಟ್ ನಿಲ್ಲಿಸುವ ಆದೇಶ, ಆರಂಭದ 8088 ಚಿಪ್‌ಗಳ ದೋಷವೊಂದಕ್ಕಾಗಿ ಬಂದದ್ದು. ಮೊದಲಲ್ಲೇ ಒಂದು ದೂರದ ಜಿಗಿತ. ಕೆಲವು ಬಯಾಸ್‌ಗಳು 0:7ಸಿ00 ಎಂದೂ ಕೆಲವು 7ಸಿ0:0 ಎಂದೂ ಒಂದೇ ಜಾಗಕ್ಕೆ ಬರುತ್ತವೆ, ಅದಕ್ಕೆ. ನಮ್ಮ ರಿವ್ಯೂ ಮೀಟಿಂಗುಗಳಲ್ಲಿ "ಇದನ್ನು ಯಾರು ಬಳಸುತ್ತಾರೆ, ತೆಗೆಯಿರಿ" ಎನ್ನುವುದು ವಾರಕ್ಕೊಮ್ಮೆಯಾದರೂ ಕೇಳುತ್ತದೆ. ಇಲ್ಲಿ ಆ ಪ್ರಶ್ನೆಗೆ ಉತ್ತರ ಪಕ್ಕದಲ್ಲೇ ನಿಂತಿತ್ತು, ಕೈಯಲ್ಲಿ ಎಣ್ಣೆಯ ಬಟ್ಟೆ ಹಿಡಿದು.

ಮೂರನೆಯ ಭಾನುವಾರ ಡಾಸ್ ಮೇಲೆದ್ದಿತು. ಯಾವ ಅಕ್ಷರ ಕಂಡರೆ ಏನು ತೊಂದರೆ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಹಾಳೆಯನ್ನು ಆಪರೇಟರ್ ಕ್ಯಾಬಿನೆಟ್ಟಿನ ಬಾಗಿಲ ಒಳಗೆ ಅಂಟಿಸಿಕೊಂಡಿದ್ದಾರೆ.