ಕಲ್ಲುಕಂಬಗಳ ದ್ವೀಪದಲ್ಲಿ ಒಂದು ನಡಿಗೆ

ಉಡುಪಿ ಸಮೀಪದ ಮಲ್ಪೆಯಲ್ಲಿ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪ ಸೇರಬಹುದು. ಮಳೆಗಾಲದಲ್ಲಿ ಕಡಲು ಒರಟಾಗುವುದರಿಂದ ದೋಣಿಗಳು ಹೋಗುವುದಿಲ್ಲ. ದ್ವೀಪ ಚಿಕ್ಕದು. ತೆಂಗಿನ ಮರಗಳ ನೆರಳಲ್ಲಿ ಮೆಲ್ಲಗೆ ನಡೆದರೂ ಆಚೆ ದಡ ಬೇಗ ಬಂದುಬಿಡುತ್ತದೆ. ಮಂಡಿನೋವಿನ ನಾನೇ ನಡೆದೆ; ಅಜ್ಜ-ಅಜ್ಜಿಯರು ಹೆದರಬೇಕಿಲ್ಲ!

ದಡದಲ್ಲಿ ಕಂಬಗಳನ್ನು ಜೋಡಿಸಿಟ್ಟಂತೆ ಕಲ್ಲುಗಳು ನಿಂತಿವೆ. ಮೊಮ್ಮಗಳು ಮೂಲೆ ಎಣಿಸತೊಡಗಿದಳು: ಐದು, ಆರು...

“ಇವನ್ನು ಯಾರು ಕೆತ್ತಿದ್ದು, ಅಜ್ಜಾ?”

“ಯಾರೂ ಅಲ್ಲ ಮಗಳೇ” ಎಂದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ನಮ್ಮ ನೆಲ ಮಡಗಾಸ್ಕರ್‌ನಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಇಲ್ಲಿ ಲಾವಾ ಉಕ್ಕಿತು. ಅದು ತಣಿಯುತ್ತಾ ಕುಗ್ಗಿ, ಬೇಸಿಗೆಯ ಕೆರೆಯ ಕೆಸರಿನಂತೆ ಬಿರುಕುಬಿಟ್ಟು ಕಂಬಗಳಾಯಿತು.

ಕಲ್ಲುಗಳು ಮೆಟ್ಟಿಲಿನಂತೆ ಕಂಡರೂ ಅಲೆ ಬಡಿಯುವ ಕಡೆ ಕಾಲಿಡಬೇಡಿ, ಪಾಚಿ ಜಾರುತ್ತದೆ.

ಒಂದು ಕಂಬದ ಮೇಲೆ ಯಾರೋ ಹೆಸರು ಗೀಚಿದ್ದರು. ಮೊಮ್ಮಗಳು ಅಂಗೈ ಒದ್ದೆ ಮಾಡಿಕೊಂಡು ಉಜ್ಜಿಯೇ ಉಜ್ಜಿದಳು. ಹೋಗಲಿಲ್ಲ. ಅಷ್ಟು ಹಳೆಯ ಕಲ್ಲಿಗೆ ಗಾಯ ಮಾಡಲು ಒಂದೇ ನಿಮಿಷ ಸಾಕಾಗಿತ್ತು.

ಮಕ್ಕಳೇ, ನೀವೂ ಹೋಗಿ ಮೂಲೆ ಎಣಿಸಿ ಬನ್ನಿ. ಹೆಸರು ಬರೆಯಲು ನೋಟ್‌ಬುಕ್ ಇದೆಯಲ್ಲ!