ತಾಯಿಯ ಲೆಕ್ಕದಲ್ಲಿ ಮಗುವಿನ ದುಡಿಮೆ

ನವಲಗುಂದ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವವರಿಗೆ ತೂಕದ ಮೇಲೆ ಕೂಲಿ. ಸುಗ್ಗಿಯ ಒಂದು ಸಂಜೆ ಆ ಭಾಗದ ವೃದ್ಧ ಶ್ರಾವಕರೊಬ್ಬರು ಹೊಲದ ಬದುವಿನಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದರು. ಹತ್ತು ವರುಷದ ಹುಡುಗಿಯೊಬ್ಬಳು ತನ್ನ ಉಡಿಯ ಹತ್ತಿಯನ್ನು ತಾಯಿಯ ಗಂಟಿಗೆ ಸುರಿದಳು. ಅಂದು ಶಾಲೆಯಿದ್ದ ದಿನ. ಶ್ರಾವಕರು ವಿಚಾರಿಸಿದಾಗ ತಾಯಿಯು, "ಇಕಿ ಕೂಲಿಗೆ ಬಂದಿಲ್ರಿ ಸಾವ್ಕಾರ್ರ, ನನ್ನ ಕೂಡ ಬಂದಾಳ್ರಿ" ಎಂದಳು. ಪುಸ್ತಕದಲ್ಲಿ ತಾಯಿಯ ಹೆಸರೊಂದೇ ಇತ್ತು; ತಕ್ಕಡಿಯಲ್ಲಿ ಇಬ್ಬರ ದುಡಿಮೆಯಿತ್ತು.

ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರ ಡಿಸೆಂಬರ್ 11ರಂದು ಸೇರಿತು. ವಿದ್ಯೆಗೆ ಅಡ್ಡಿಯಾಗುವ ದುಡಿಮೆಯಿಂದ ಮಗುವನ್ನು ರಕ್ಷಿಸಬೇಕೆನ್ನುವ ಅದರ 32ನೆಯ ವಿಧಿಯ ವಿಷಯದಲ್ಲಿ ಮಾತ್ರ, ಎಲ್ಲ ಉದ್ಯೋಗಗಳಿಗೂ ಒಮ್ಮೆಲೇ ಕನಿಷ್ಠ ವಯಸ್ಸನ್ನು ಗೊತ್ತುಪಡಿಸುವುದು ಕಾರ್ಯಸಾಧ್ಯವಲ್ಲವೆಂದೂ ಕ್ರಮೇಣ ಜಾರಿಗೊಳಿಸುವುದಾಗಿಯೂ ಸರ್ಕಾರ ತಿಳಿಸಿತು. ಆ 'ಕ್ರಮೇಣ'ವು ದೀರ್ಘವಾಯಿತು. 6ರಿಂದ 14 ವರ್ಷದವರಿಗೆ ಶಿಕ್ಷಣವನ್ನು ಹಕ್ಕಾಗಿಸಿದ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 1986ರ ಬಾಲಕಾರ್ಮಿಕ ಕಾಯಿದೆಗೆ ತಿದ್ದುಪಡಿಯಾಗಿ, ಹದಿನಾಲ್ಕು ತುಂಬದವರನ್ನು ಯಾವ ಉದ್ಯೋಗದಲ್ಲಿಯೂ ದುಡಿಸಿಕೊಳ್ಳಬಾರದೆಂದಾದದ್ದು 2016ರಲ್ಲಿ. ಶಾಲೆಯ ವೇಳೆಯ ನಂತರ ಸ್ವಂತ ಕುಟುಂಬದ ಕೆಲಸಕ್ಕೆ ನೆರವಾಗಲು ವಿನಾಯಿತಿಯುಂಟು. ಪರರ ಹೊಲಕ್ಕೆ ಅದಿಲ್ಲ. ಕನಿಷ್ಠ ವಯಸ್ಸನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 138ನೆಯ ಒಪ್ಪಂದವನ್ನು ಭಾರತ 2017ರ ಜೂನ್ 13ರಂದು ಸ್ಥಿರೀಕರಿಸಿತು.

ಇಷ್ಟಾದರೂ ಲೆಕ್ಕದ ಪುಸ್ತಕವನ್ನು ನೋಡಿ ಹೋಗುವ ಅಧಿಕಾರಿಗೆ ಆ ಹುಡುಗಿ ಕಾಣಿಸಳು. ಕಾಣಬಲ್ಲವನು ತಕ್ಕಡಿ ಹಿಡಿದವನೊಬ್ಬನೇ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಆ ಶ್ರಾವಕರು ಬಾಲ್ಯದಿಂದಲೂ ಕೇಳಿದ್ದರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ತಮ್ಮ ಎತ್ತುಗಳ ಮೇಲೆ ಅವರು ಎಂದೂ ಅತಿಭಾರ ಹೇರಿದವರಲ್ಲ. ಆ ನಿಯಮವು ಹುಡುಗಿಯ ಉಡಿಗೂ ಅನ್ವಯಿಸುವುದೆಂಬುದು ಅಂದು ಅವರಿಗೆ ಹೊಳೆಯಿತು. ತಾನು ಕರೆಯಲಿಲ್ಲವೆಂದರೂ ದೋಷ ತಪ್ಪದು. ಕೃತ, ಕಾರಿತಗಳಂತೆ ಅನುಮೋದಿತವೂ ಕರ್ಮಬಂಧಕ್ಕೆ ಕಾರಣವಷ್ಟೆ.

ಆದರೆ ಹುಡುಗಿಯನ್ನು ಹೊಲದಿಂದ ಕಳಿಸಿಬಿಟ್ಟರೆ ತಾಯಿಯ ತೂಕ ಇಳಿಯುತ್ತದೆ, ಮನೆಯ ರೊಟ್ಟಿ ಕಡಿಮೆಯಾಗುತ್ತದೆ. ಒಂದು ಅತಿಚಾರವನ್ನು ಕಳೆಯಹೋಗಿ ಐದನೆಯದನ್ನು ತಂದುಕೊಂಡಂತೆ. ಆದುದರಿಂದ ಅವರು ಮರುದಿನವೇ ತೂಕದ ದರವನ್ನು ಏರಿಸಿ, ಶಾಲೆಯ ಮಕ್ಕಳನ್ನು ಕರೆತರಬಾರದೆಂದು ಎಲ್ಲ ಹೆಣ್ಣಾಳುಗಳಿಗೂ ಹೇಳಿದರು. ಅಕ್ಕಪಕ್ಕದ ಹೊಲದವರು ಆಕ್ಷೇಪಿಸಿದರು, ಮಗನೂ ಬೇಸರಗೊಂಡನು. ಆ ಸುಗ್ಗಿಯಲ್ಲಿ ಲಾಭ ಕಡಿಮೆಯಾದದ್ದು ನಿಜ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಂಡವನಿಗೆ ಅದು ನಷ್ಟವೆನಿಸಬಾರದೆಂದು ಅವರು ಮಗನಿಗೆ ಹೇಳಿದರು.

ರಾಷ್ಟ್ರವು ಜಗತ್ತಿನೆದುರು ಕೊಟ್ಟ ವಚನವು ಕೊನೆಗೆ ನೆರವೇರಬೇಕಾದದ್ದು ಇಂಥ ಬದುವಿನ ಮೇಲೆಯೇ. ಬಸದಿಯ ಜಮೀನನ್ನು ಲಾವಣಿಗೆ ಕೊಡುವ ಟ್ರಸ್ಟುಗಳು ಕರಾರಿನಲ್ಲಿ ಈ ಒಂದು ಮಾತನ್ನು ಸೇರಿಸುವುದು ಕಷ್ಟವಲ್ಲ. ಅಭಿಷೇಕದ ಹಾಲಿನಷ್ಟೇ ಅದರ ಹಣವೂ ಶುದ್ಧವಾಗಿರಬೇಕಲ್ಲವೇ?